ಕಂಬದ ಹಿಂದಿನ ಟೇಬಲ್ಲು

ಹೋದ ವಾರ ಹಳೇ ಗೆಳತಿಯ ಹುಟ್ಟುಹಬ್ಬಕ್ಕೆಂದು ಸಾಂಟಾ ಕ್ಲಾರಾಕ್ಕೆ ಹೋಗಿದ್ದೆ. ಎಲ್ ಕಮೀನೋ ರಸ್ತೆಯಲ್ಲಿ ಬಸ್ಸಿಳಿದು, ಸೀರೆ ಅಂಗಡಿ ದಾಟಿ, ಬೇಳೆಕಾಳಿನ ಅಂಗಡಿ ದಾಟಿ ನಡೆಯುತ್ತಿದ್ದಾಗ ಯಾವುದೋ ಹೋಟೆಲಿನ ಹಿಂಬಾಗಿಲಿನಿಂದ ಅಕ್ಕಿ ವಿನೆಗರಿನ ವಾಸನೆ ಬಂತು. ಬಿಸಿ ಅನ್ನದ ಮೇಲೆ ಅದನ್ನು ಸುರಿದಾಗ ಏಳುವ, ಮೂಗಿನೊಳಗೆ ಬೆರಳಿಟ್ಟು ಎಳೆದಂಥ ಹುಳಿ ವಾಸನೆ. ನಾನು ಅಲ್ಲೇ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಒಬ್ಬ ಅಂಕಲ್ಲು ಬಂದು ನನಗೆ ಡಿಕ್ಕಿ ಹೊಡೆದರು. ನೋಡಿದರೆ ನಮ್ಮ ಕಡೆಯವರ ಮುಖ. ನನ್ನ ಕೈ ನನ್ನನ್ನು ಕೇಳದೆಯೇ ಮುಂದಕ್ಕೆ ಚಾಚಿ, ಅವರಿಗೆ ಹಿಂದಿನ ಕಡೆಗೆ ದಾರಿ ತೋರಿಸಿತು. ಹಿಂದೆ ಇದ್ದದ್ದು ಕಸದ ಡಬ್ಬಿ. ಅಂಕಲ್ಲು ಡಬ್ಬಿಯನ್ನೂ ನನ್ನನ್ನೂ ನೋಡಿ, ಫುಟ್‌ಪಾತ್ ಬಿಟ್ಟು ರಸ್ತೆಗಿಳಿದು ಹೋದರು.

ನನ್ನ ಕೈಗೆ ಆ ಅಭ್ಯಾಸವಾದದ್ದು ನನ್ನ ಹದಿನಾರನೇ ವಯಸ್ಸಿನ ಬೇಸಿಗೆಯಲ್ಲಿ. ಜಪಾನೀ ಹೋಟೆಲುಗಳಲ್ಲಿ ಹೊರಗಿನವರನ್ನು ಎಲ್ಲಿ ಕೂರಿಸುತ್ತಾರೆ, ಯಾಕೆ ಹಾಗೆ ಕೂರಿಸುತ್ತಾರೆ ಎಂದು ಜನ ಇಂಟರ್ನೆಟ್ಟಿನಲ್ಲಿ ಕಿತ್ತಾಡುತ್ತಾರಲ್ಲ, ಅವರೆಲ್ಲ ನನ್ನನ್ನು ಕೇಳಬೇಕಿತ್ತು. ಆ ಬೇಸಿಗೆ ಸಾಂಟಾ ಕ್ಲಾರಾದ ಒಂದು ಜಪಾನೀ ಹೋಟೆಲಿನಲ್ಲಿ ಅದನ್ನು ತೀರ್ಮಾನ ಮಾಡುತ್ತಿದ್ದವಳು ನಾನೇ. ಭೂಪಟದಲ್ಲಿರುವ ಅಷ್ಟೂ ದೇಶಗಳ ಹಣೆಬರಹ ನನ್ನ ಕೈಯಲ್ಲಿತ್ತು. ಅದರಲ್ಲಿ ಇಂಡಿಯಾದ್ದು ಮಾತ್ರ ಯಾವಾಗಲೂ ಒಂದೇ: ಕಂಬದ ಹಿಂದೆ, ಟಾಯ್ಲೆಟ್ಟಿನ ಪಕ್ಕ. ಕಾರಣ ನನ್ನಮ್ಮ.

ಅಪ್ಪ ಅದಕ್ಕೂ ಮುಂಚೆಯೇ ಟೆಕ್ಸಸ್ಸಿಗೆ ಹೋಗಿದ್ದರು. ಕೆಲಸದ ಮೇಲೆ ಹೋಗಿದ್ದಾರೆ ಎಂದು ಎಲ್ಲರಿಗೂ ಹೇಳಿದ್ದೆವು. ಆ ಕೆಲಸ ಇನ್ನೂ ಮುಗಿದಿಲ್ಲ. ಅಲ್ಲಿ ಅವರಿಗೊಂದು ನಾಯಿ ಇದೆ, ನಾಯಿಯನ್ನು ವಾಕಿಂಗಿಗೆ ಕರೆದೊಯ್ಯಲು ಒಬ್ಬ ಹೆಂಗಸೂ ಇದ್ದಾಳೆ ಎಂಬುದು ಯಾರೋ ಹಾಕಿದ ಫೋಟೋದಿಂದ ಗೊತ್ತಾಯಿತು. ಅಮ್ಮ ಫೋಟೋವನ್ನು ದೊಡ್ಡದು ಮಾಡಿ ನೋಡಿ, "ನಾಯಿ ಚೆನ್ನಾಗಿದೆ" ಅಂದಳು.

ನಾವು ಹಾಸನದ ಕಡೆಯವರು. ನಮ್ಮ ಅಜ್ಜಿಮನೆಗೆ ಬೆಳ್ಳುಳ್ಳಿ ಕೂಡ ಹಿಂಬಾಗಿಲಿನಿಂದ, ತಲೆ ತಗ್ಗಿಸಿಕೊಂಡು ಬರಬೇಕು. ಅಂಥ ಮನೆಯಲ್ಲಿ ಬೆಳೆದ ಅಮ್ಮನಿಗೆ ಅಮೇರಿಕದಲ್ಲಿ ಹೊಟ್ಟೆಪಾಡಿಗೆ ಒದಗಿದ ವಿದ್ಯೆ ಒಬ್ಬಟ್ಟು. ಫ್ರೀಮಾಂಟಿನಿಂದ ಕ್ಯುಪರ್ಟಿನೋವರೆಗೆ ಯಾರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾಗಲಿ, ಸೀಮಂತವಾಗಲಿ, ಅಡುಗೆ ಸುಮಾಳದು, ಅಂದರೆ ನನ್ನಮ್ಮನದು. ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಟವೆಲು ಸುತ್ತಿ, ಮಡಿಯಲ್ಲಿ ಒಲೆ ಹಚ್ಚುತ್ತಿದ್ದಳು. ಆ ಹೊತ್ತಿನಲ್ಲಿ ನಾನು ಅಡುಗೆಮನೆಗೆ ಕಾಲಿಟ್ಟರೆ ಫೈರ್ ಅಲಾರಮ್ಮಿಗಿಂತ ಜೋರಾಗಿ ಕೂಗುತ್ತಿದ್ದಳು. "ಸುಮಾ ಮಾಡಿದ್ಲು ಅಂದ್ರೆ ಕಣ್ಮುಚ್ಚಿ ನೈವೇದ್ಯಕ್ಕೆ ಇಡಬಹುದು" ಎನ್ನುವುದು ನಮ್ಮ ಆಂಟಿಯರ ಮಾತು. ಆ ಒಂದು ಮಾತಿನ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ಅರ್ಧ ಬಾಡಿಗೆ ನಿಂತಿತ್ತು. ಇನ್ನರ್ಧ ಮೀನಿನ ಮೇಲೆ ನಿಂತಿತ್ತು.

ಮೀನು ನಮ್ಮ ಬಾಳಿನೊಳಗೆ ನಿಧಾನವಾಗಿ ಈಜಿಕೊಂಡು ಬಂತು. ಆ ಜಪಾನೀ ಹೋಟೆಲಿನ ಯಜಮಾನರಾದ ಮೊರಿತಾ ಅಕ್ಕಿ ತೊಳೆಯುವುದಕ್ಕೆ ಜನ ಬೇಕು ಎಂದು ಬೋರ್ಡು ಹಾಕಿದ್ದರು. ಅಕ್ಕಿ ತಾನೇ ಎಂದು ಅಮ್ಮ ಹೋದಳು. ಅಕ್ಕಿಯಾದ ಮೇಲೆ ಸೌತೆಕಾಯಿ. ಸೌತೆಕಾಯಿ ಆದ ಮೇಲೆ ಬೆಣ್ಣೆಹಣ್ಣು. ಒಂದು ದಿನ ಮೀನು ಕತ್ತರಿಸುವವನು ಕೆಲಸ ಬಿಟ್ಟು ಹೋದ. ಮೊರಿತಾ ಏನೂ ಹೇಳದೆ ಅಮ್ಮನ ಮುಂದೆ ಒಂದು ಮೀನು ತಂದಿಟ್ಟರು. ಅಮ್ಮ ಹಿಂಬಾಗಿಲಿಗೆ ಓಡಿ, ಬೆಳಗಿನ ಉಪ್ಪಿಟ್ಟನ್ನು ಪಾರ್ಕಿಂಗ್ ಲಾಟಿಗೆ ಅರ್ಪಿಸಿ, ಬಾಯಿ ತೊಳೆದುಕೊಂಡು ಒಳಗೆ ಬಂದು ಚಾಕು ಕೈಗೆತ್ತಿಕೊಂಡಳು.

ಅದನ್ನು ಹೇಗೆ ಸಹಿಸಿದಳು ಎಂದರೆ, ಮೀನುಗಳಿಗೆಲ್ಲ ಹೆಸರು ಬದಲಾಯಿಸಿದಳು. ಸಾಮನ್ ಎಂದರೆ ಕುಂಬಳಕಾಯಿ. ಟ್ಯೂನಾ ಬೀಟ್ರೂಟು. ಸ್ಕ್ವಿಡ್ಡು ಎಳೆ ತೆಂಗಿನಕಾಯಿ. "ಪುಟ್ಟಿ, ಬೀಟ್ರೂಟು ಮುಗೀತಾ ಬಂತು, ಒಳಗಿಂದ ತಾ" ಎಂದು ಅವಳು ಕೂಗಿದರೆ ನಾನು ರಕ್ತ ಸುರಿಯುವ ಒಂದು ಬೀಟ್ರೂಟನ್ನು ತಟ್ಟೆಯಲ್ಲಿಟ್ಟು ತಂದುಕೊಡಬೇಕು. ಮನೆಗೆ ಬಂದರೆ ಹೋಟೆಲಿನ ಬಟ್ಟೆ ಬಾಲ್ಕನಿಯ ಮುಚ್ಚಳದ ಡಬ್ಬಿಗೆ. ಆಮೇಲೆ ಕೈಗೆ ನಿಂಬೆಹಣ್ಣು, ಅರಿಶಿನ, ಕಡಲೆಹಿಟ್ಟು, ಮತ್ತೆ ನಿಂಬೆಹಣ್ಣು. ಚಂದ್ರನಿಂದ ಇಳಿದುಬಂದವರನ್ನೂ ಅಷ್ಟು ತೊಳೆದಿರಲಾರರು. ಊರಿಗೆಲ್ಲ ಹೇಳಿದ್ದು, ಮೆನ್ಲೋ ಪಾರ್ಕಿನ ಯಾವುದೋ ಆಫೀಸಿನಲ್ಲಿ ಸಾಯಂಕಾಲದ ಶಿಫ್ಟು, ಡೇಟಾ ಎಂಟ್ರಿ ಎಂದು. ಅದನ್ನು ಎಷ್ಟು ಚೆನ್ನಾಗಿ ಹೇಳಿದ್ದಳೆಂದರೆ, ಪದ್ಮಾ ಆಂಟಿ ತಮ್ಮ ಅಕ್ಕನ ಮಗನಿಗೂ ಅಲ್ಲೇ ಒಂದು ಕೆಲಸ ಕೊಡಿಸು ಎಂದು ಅವನ ರೆಸ್ಯೂಮೆ ಕಳಿಸಿದ್ದರು.

ಪದ್ಮಾ ಆಂಟಿ ನಮ್ಮ ಹೆಂಗಸರ ವಾಟ್ಸಾಪ್ ಗ್ರೂಪಿನ ಒಡತಿ. ಅಮ್ಮನಿಗಿಂತ ಹಿರಿಯರು, ಅವರೂ ಹಾಸನದವರೇ. ಅಪ್ಪ ಹೋದ ಹೊಸತರಲ್ಲಿ ಅಮ್ಮನಿಗೆ ಮೊದಲ ಆರ್ಡರು ಕೊಟ್ಟವರು, ಮಿಕ್ಕವರಿಂದಲೂ ಕೊಡಿಸಿದವರು ಅವರೇ. ಅವರು ಹೂಂ ಅಂದರೆ ನಮಗೆ ಹಬ್ಬ, ಊಹೂಂ ಅಂದರೆ ನಾವು ಮನೆ ಖಾಲಿ ಮಾಡಬೇಕು.

ರಜ ಶುರುವಾದ ಮೇಲೆ ನಾನೂ ಆ ಹೋಟೆಲಿಗೆ ಸೇರಿದೆ. ಬಾಗಿಲಲ್ಲಿ ನಿಂತು ಜನರನ್ನು ಕೂರಿಸುವ ಕೆಲಸ. ಮೊದಲ ದಿನ ಮೊರಿತಾ ನನಗೆ ಜಾಗಗಳ ಪಾಠ ಮಾಡಿದರು. ಅವರಿಗೆ ಎಪ್ಪತ್ತು ದಾಟಿತ್ತು. ಮಾತು ಆಡಿದರೆ ಬಾಯಿಯ ಗಾಳಿ ಖರ್ಚಾಗುತ್ತದೆ ಎನ್ನುವ ಹಾಗೆ, ಇಂಗ್ಲಿಷಿನಲ್ಲಿ ತುಂಡು ತುಂಡಾಗಿ ಮಾತಾಡುತ್ತಿದ್ದರು.

"ಜಪಾನಿನವರು ಬಂದರೆ ಕೌಂಟರ್. ಪದೇ ಪದೇ ಬರುವವರು, ಕೌಂಟರ್. ಫಾರಿನರ್ ಬಂದರೆ ಟೇಬಲ್."

"ಇದು ಅಮೇರಿಕಾ. ಇಲ್ಲಿ ಫಾರಿನರ್ ನೀವಲ್ವಾ?" ಅಂದೆ.

"ನಾನು ಒಳಗಿದ್ದೇನೆ. ಬಾಗಿಲಿನಿಂದ ಬರುವವರು ಫಾರಿನರ್."

ಕೌಂಟರಿಗೆ ಯಾಕೆ ಬೇಡ ಎಂದು ಕೇಳಿದ್ದಕ್ಕೆ ಚಾಕು ಒರೆಸುತ್ತ ಕಾರಣ ಹೇಳಿದರು. ಕೌಂಟರ್ ಎಂದರೆ ಮೀನು ಕೊಯ್ಯುವ ಹಲಗೆಯ ಎದುರಿನ ಸ್ಟೂಲುಗಳ ಸಾಲು; ಅಲ್ಲಿ ಕೂತವರ ಜೊತೆ ಅಡುಗೆಯವನು ಮಾತಾಡಬೇಕು, ಮೀನು ಎಲ್ಲಿಂದ ಬಂತು, ಇವತ್ತು ಯಾವುದು ಚೆನ್ನಾಗಿದೆ ಎಂದೆಲ್ಲ ಹೇಳಬೇಕು. ಈ ದೇಶಕ್ಕೆ ಬಂದು ಅಷ್ಟು ಕಾಲವಾದರೂ ಅವರಿಗೆ ಅಷ್ಟು ಇಂಗ್ಲಿಷು ಬಾರದು. ಎದುರಿಗೆ ಕೂತು ಇಬ್ಬರೂ ಮುಖ ಮುಖ ನೋಡಿಕೊಳ್ಳುವುದಕ್ಕಿಂತ ಬಂದವರು ಟೇಬಲ್ಲಿನಲ್ಲಿ ಸುಖವಾಗಿರಲಿ. ಇಷ್ಟೇ ಅವರ ಶಾಸ್ತ್ರ. ಇಡೀ ಜಗತ್ತು ಅವಮಾನ ಎಂದುಕೊಂಡದ್ದು ಒಬ್ಬ ಮುದುಕರ ನಾಚಿಕೆ.

ಜೂನ್ ಕೊನೆಯಲ್ಲಿ ಮೊರಿತಾ ಅವರ ಬಲಭುಜ ಹಿಡಿದುಕೊಂಡಿತು. ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಅಷ್ಟು ದಿನ ಒಳಗಿನ ಅಡುಗೆಮನೆಯಲ್ಲಿ ಯಾರ ಕಣ್ಣಿಗೂ ಬೀಳದೆ ಕೊಯ್ಯುತ್ತಿದ್ದ ಅಮ್ಮನನ್ನು, ಹೊರಗೆ ಕೌಂಟರಿನ ಹಿಂದೆ ಬಂದು ನಿಲ್ಲಲು ಹೇಳಿದರು. ಅಮ್ಮ ಆಗುವುದಿಲ್ಲ ಅಂದಳು. ಹಾಗಾದರೆ ಬೇರೆ ಆಳು ಹುಡುಕಬೇಕಾಗುತ್ತದೆ ಎಂದು ಅವರು ನೆಲ ನೋಡಿಕೊಂಡು ಹೇಳಿದರು. ಅಮ್ಮ ಟೋಪಿ ಹಾಕಿಕೊಂಡು, ಮೂಗಿನ ಮೇಲೆ ಮಾಸ್ಕು ಏರಿಸಿಕೊಂಡು ಬಂದು ನಿಂತಳು. ಹೋಟೆಲಿನ ನಡುಮಧ್ಯೆ, ದೀಪದ ಕೆಳಗೆ, ನಾಟಕದ ಸ್ಟೇಜಿನ ಮೇಲೆ ನಿಂತ ಹಾಗೆ. ಬಾಗಿಲು ತೆರೆದರೆ ಮೊದಲು ಕಾಣುವುದೇ ಅವಳು ಮತ್ತು ಅವಳ ಕೈಯಲ್ಲಿನ ಕುಂಬಳಕಾಯಿ. ಹೊರಗೆ ಎಲ್ ಕಮೀನೋ, ಅಲ್ಲಿ ಎಡವಿದರೆ ಕನ್ನಡದವರು.

"ಪುಟ್ಟಿ, ನಮ್ಮೋರು ಬಂದ್ರೆ ಏನೇ ಮಾಡೋದು?" ಎಂದು ಅಮ್ಮ ಚಾಕು ಕೆಳಗಿಡದೆಯೇ ಕೇಳಿದಳು.

ನನಗೆ ತಲೆ ಇರುವುದೇ ಇಂಥ ಹೊತ್ತಿಗೆ. ಆ ಕಟ್ಟಡ ಹಿಂದೆ ಪಿಜ್ಜಾ ಅಂಗಡಿಯಾಗಿತ್ತು. ಹೋಟೆಲಿನ ಕಟ್ಟಕಡೆಗೆ ಒಂದು ದಪ್ಪ ಕಂಬ, ಕಂಬದ ಹಿಂದೆ ಒಂದು ಮೆಟ್ಟಿಲು ಎತ್ತರದ ಜಗಲಿ, ಅದರ ಮೇಲೊಂದು ಟೇಬಲ್ಲು, ಗೋಡೆಯಲ್ಲಿ ಕೊಕ್ಕರೆಯ ಚಿತ್ರ ಬರೆದ ಉದ್ದನೆಯ ಕಾಗದ. ಪಕ್ಕದಲ್ಲೇ ಟಾಯ್ಲೆಟ್ಟಿನ ಬಾಗಿಲು. ಅಲ್ಲಿ ಕೂತವರಿಗೆ ಕೌಂಟರು ಕಾಣುವುದಿಲ್ಲ. ಕೈ ತೊಳೆಯಲೂ ಕೌಂಟರಿನ ಕಡೆ ಬರಬೇಕಾಗಿಲ್ಲ. ದೇವರು ಪಿಜ್ಜಾದವನ ಕೈಯಲ್ಲಿ ನಮಗೋಸ್ಕರ ಕಟ್ಟಿಸಿದ ಜಾಗ.

ಬಾಗಿಲಿಂದ ಅಲ್ಲಿಗೆ ಹೋಗುವ ತನಕ ಮಾತ್ರ ಅಪಾಯ. ಅದಕ್ಕೆ ನಾನು ಮೆನು ಕಾರ್ಡನ್ನು ನವಿಲಿನ ಗರಿಯ ಹಾಗೆ ಅಗಲಿಸಿ ಅವರ ಮುಖದ ಮುಂದೆ ಹಿಡಿದು, ಬಾಯಿಗೆ ಬಂದದ್ದು ಹೇಳುತ್ತ ನಡೆಯುತ್ತಿದ್ದೆ. ಗುರುತು ಹಿಡಿಯುವುದರಲ್ಲಂತೂ ನನ್ನನ್ನು ಮೀರಿಸಿದವರಿಲ್ಲ. ಜುಲೈ ಬಿಸಿಲಿನಲ್ಲೂ ಸ್ವೆಟರು ಹಾಕಿಸಿಕೊಂಡ ಮಗು, ಬಾಗಿಲಲ್ಲೇ ನಿಂತು ಮೆನುವನ್ನು ಕೊನೆಯ ಪುಟದಿಂದ ಓದುವ ಗಂಡ, "ಶೂ ಬಿಡಬೇಕಾ ಕೇಳ್ರೀ" ಎನ್ನುವ ಹೆಂಡತಿ. ಸರಿ, ಕಂಬದ ಹಿಂದೆ. ಆದರೆ ಕೆಲವರು ಬಾಯಿಯೇ ಬಿಡುತ್ತಿರಲಿಲ್ಲ. ಅನುಮಾನ ಇದ್ದವರನ್ನೆಲ್ಲ ಅಲ್ಲಿಗೇ ತಳ್ಳಿದೆ. ತೆಲುಗರು ಹೋದರು, ಗುಜರಾತಿಗಳು ಹೋದರು. ಬ್ರೆಜಿಲಿನ ಒಬ್ಬ ಮೀಸೆಯವನು, ನೋಡಲು ಥೇಟ್ ನಮ್ಮ ಸೋದರಮಾವ, ಅವನೂ ಅಲ್ಲಿ ಕೂತು ಉಂಡು ಹೋದ.

ಒಂದು ಸಂಜೆ ಮೊರಿತಾ ನನ್ನನ್ನು ಕರೆದರು. ಸಿಕ್ಕಿಬಿದ್ದೆ ಎಂದುಕೊಂಡೆ. ಅವರು ನೋಯುವ ಭುಜ ಹಿಡಿದುಕೊಂಡೇ ನನಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು.

"ನಿನ್ನ ದೇಶದವರನ್ನು ಒಳಗಿನ ಜಾಗದಲ್ಲಿ ಕೂರಿಸುತ್ತೀಯ. ಯಾರು ಹೇಳಿಕೊಟ್ಟರು?"

ಅವರ ಊರಿನಲ್ಲಿ ಬಾಗಿಲಿನಿಂದ ಅತ್ಯಂತ ದೂರದ ಜಾಗ, ಗೋಡೆಯ ಚಿತ್ರದ ಮುಂದಿನ ಜಾಗ, ದೊಡ್ಡ ಅತಿಥಿಗೆ ಮೀಸಲಂತೆ. ಬಾಗಿಲ ಪಕ್ಕ ಕೂರುವುದು ಮನೆಯ ಕಿರಿಯರು. ಪಿಜ್ಜಾದವನದು ಎಂದು ನಾನು ತಿಳಿದಿದ್ದ ಆ ಜಗಲಿಯನ್ನು ಅದಕ್ಕೇ ಅವರು ತಾವೇ ಕಟ್ಟಿಸಿ, ತಮ್ಮ ತಂದೆಯ ಕಾಲದ ಚಿತ್ರ ನೇತುಹಾಕಿದ್ದರಂತೆ. ಕಿಟಕಿಯೇ ಬೇಕು ಎನ್ನುವ ಅಮೇರಿಕದವರು ಒಬ್ಬರೂ ಅದನ್ನು ಕೇಳಿರಲಿಲ್ಲ. ಟಾಯ್ಲೆಟ್ಟು ಪಕ್ಕದಲ್ಲಿದೆಯಲ್ಲ ಎಂದರೆ, ಅದು ಪಿಜ್ಜಾದವನ ತಪ್ಪು ಅಂದರು.

"ನಮ್ಮಲ್ಲೂ ಹಾಗೇ, ಅತಿಥಿ ಅಂದ್ರೆ ದೇವರು" ಎಂದು ನಾನು ಗಂಭೀರವಾಗಿ ಹೇಳಿದೆ. ಕೌಂಟರಿನ ಹಿಂದೆ ಅಮ್ಮನಿಗೆ ಕೆಮ್ಮು ಬಂತು.

ಹಾಗೇ ಬೇಸಿಗೆ ಕಳೆದುಬಿಡುತ್ತಿತ್ತೇನೋ. ಜುಲೈ ನಡುವಿನಲ್ಲಿ ಪದ್ಮಾ ಆಂಟಿ ಬಂದರು, ಜೊತೆಗೆ ಅವರ ಯಜಮಾನರು ಶ್ರೀಧರ್ ಅಂಕಲ್. ನಾನು ಅಲ್ಲಿ ಕೆಲಸ ಮಾಡುವುದು ಅವರಿಗೆ ಗೊತ್ತಿತ್ತು. ಮೆನು ಕಾರ್ಡು ಹಿಡಿಯುವುದರಲ್ಲಿ ಮೈಲಿಗೆ ಇಲ್ಲ. ಅಮ್ಮ ಕೌಂಟರಿನ ಕೆಳಗೆ ಏನೋ ಹುಡುಕಲು ಕುಳಿತವಳು ಅವರು ಕಂಬ ದಾಟುವ ತನಕ ಏಳಲಿಲ್ಲ.

"ಅಲ್ಲಿ ಮುಂದೆ ಅಷ್ಟೊಂದು ಖಾಲಿ ಇದ್ಯಲ್ಲೇ ಪುಟ್ಟಿ," ಅಂದರು ಆಂಟಿ. "ಇಲ್ಯಾಕೆ ತಂದು ಕೂರಿಸಿದೀಯ?"

"ಅದು ಇಲ್ಲಿ ರೂಲ್ಸು ಆಂಟಿ."

ಆಂಟಿ ಸುತ್ತ ನೋಡಿದರು. ಅವತ್ತು ನನ್ನ ಗ್ರಹಚಾರಕ್ಕೆ ಆ ಕಡೆ ಇನ್ನೂ ಒಂದು ಗುಜರಾತಿ ಸಂಸಾರವನ್ನು ಸ್ಟೂಲು ಹಾಕಿ ತುರುಕಿದ್ದೆ. ಆಂಟಿಗೆ ಅರ್ಥವಾಗಬೇಕಾದದ್ದು ಅರ್ಥವಾಯಿತು. ನನ್ನ ಗಲ್ಲ ಸವರಿ, "ಪಾಪ, ನೀನೇನ್ ಮಾಡ್ತೀಯ ಮಗು, ಆ ಓನರ್ ಹೇಳಿದ ಹಾಗೆ ಕೇಳಬೇಕು" ಅಂದರು.

ಆಮೇಲಿನದ್ದು ಗ್ರೂಪಿನಲ್ಲಿ ನಡೆಯಿತು. ನಮ್ಮವರನ್ನು ಟಾಯ್ಲೆಟ್ಟಿನ ಪಕ್ಕ ಕೂರಿಸುತ್ತಾರೆ ಎಂದು ಆಂಟಿ ಬರೆದರು. ನಮಗೂ ಹಾಗೇ ಆಯಿತು ಎಂದು ಒಬ್ಬರಾದ ಮೇಲೆ ಒಬ್ಬರು ಎದ್ದರು. ಆಗಬೇಕಾದದ್ದೇ, ನಾನೇ ಕೂರಿಸಿದ್ದಲ್ಲವೇ. ನಮ್ಮ ಮಕ್ಕಳ ಕೈಯಿಂದಲೇ ನಮಗೆ ಅವಮಾನ ಮಾಡಿಸುತ್ತಾನೆ ಎಂದು ಇನ್ನೊಬ್ಬರು ಸೇರಿಸಿದರು. ಇಂಟರ್ನೆಟ್ಟಿನಲ್ಲಿ ಹೋಟೆಲಿನ ನಕ್ಷತ್ರಗಳು ಉದುರತೊಡಗಿದವು. ಬ್ರೆಜಿಲಿನ ಮೀಸೆಯವನು ಮಾತ್ರ, ಊಟ ಚೆನ್ನಾಗಿತ್ತು, ಖಾಸಗಿ ಜಾಗ ಕೊಟ್ಟರು ಎಂದು ಬರೆದಿದ್ದ. ಆ ಬರಹಗಳನ್ನು ಅಮ್ಮ ಹೂರಣ ರುಬ್ಬುತ್ತ ಓದುತ್ತಿದ್ದಳು. ಸುಮ್ಮನಿದ್ದರೆ ಅನುಮಾನ ಬರುತ್ತದೆ ಎಂದು ಎಲ್ಲದರ ಕೆಳಗೂ ಸಿಟ್ಟಿನ ಕೆಂಪು ಮುಖ ಒತ್ತುತ್ತಿದ್ದಳು. ತನ್ನ ಹೊಟ್ಟೆಪಾಡಿನ ಮೇಲೆ ತಾನೇ ಸಿಟ್ಟಾಗುವ ಆ ಪುಟ್ಟ ಮುಖಗಳು ಈಗಲೂ ನನ್ನ ಕನಸಿನಲ್ಲಿ ಉರುಳಿಕೊಂಡು ಬರುತ್ತವೆ.

ಹೋಟೆಲಿಗೆ ಬರುವವರು ಕಡಿಮೆಯಾದರು. ಶ್ರಾವಣ ಹತ್ತಿರ ಬರುತ್ತಿತ್ತು. ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ ಅಮ್ಮನಿಗೆ ವರ್ಷದ ಅತಿ ದೊಡ್ಡ ದಿನ. ಅವತ್ತಿನ ಒಬ್ಬಟ್ಟಿನ ಮೇಲೆ ದೀಪಾವಳಿಯವರೆಗೆ ಮನೆ ನಡೆಯಬೇಕು. ಆರ್ಡರು ಹೇಳಲು ಬಂದ ಪದ್ಮಾ ಆಂಟಿ ನಮ್ಮ ಸೋಫಾದಲ್ಲಿ ಕೂತು ಕಾಫಿ ಕುಡಿದರು. ಬಾಲ್ಕನಿಯ ಡಬ್ಬಿಗೂ ಅವರ ಮೂಗಿಗೂ ನಡುವೆ ಇದ್ದದ್ದು ಒಂದು ಗಾಜಿನ ಬಾಗಿಲು. ನಾನು ಅದಕ್ಕೆ ಬೆನ್ನು ಕೊಟ್ಟು, ಬಾಗಿಲಿನ ಚಿಲಕವೇ ನಾನು ಎನ್ನುವ ಹಾಗೆ ನಿಂತಿದ್ದೆ.

"ಶನಿವಾರ ನಾನೂ ಇವ್ರೂ ಆ ಹೋಟೆಲಿಗೆ ಹೋಗ್ತಿದೀವಿ ಸುಮಾ," ಅಂದರು ಆಂಟಿ. "ಕೌಂಟರಲ್ಲೇ ಕೂರಬೇಕು ಅಂತ ಕೇಳ್ತೀನಿ. ಕೊಡಲ್ಲ ಅಂದ್ರೆ ವಿಡಿಯೋ ಮಾಡಿ ಹಾಕ್ತೀನಿ. ಬಿಡೋ ಮಾತೇ ಇಲ್ಲ. ನೀನೂ ಬಾ."

"ನಂಗೆ ಅವತ್ತು ಕೆಲಸ ಇದೆ ಪದ್ಮಕ್ಕ," ಅಂದಳು ಅಮ್ಮ. ಅವಳು ಆ ಬೇಸಿಗೆಯಲ್ಲಿ ಅವರಿಗೆ ಹೇಳಿದ ಅಪ್ಪಟ ನಿಜ ಅದೊಂದೇ.

ನಾನು ಬಾಯಿ ಹಾಕಿದೆ. "ಆಂಟಿ, ಅವರ ದೇಶದಲ್ಲಿ ಅದು ಗೌರವದ ಜಾಗವಂತೆ. ದೊಡ್ಡೋರಿಗೆ ಮಾತ್ರ."

"ಟಾಯ್ಲೆಟ್ ಪಕ್ಕ ಎಂಥಾ ಗೌರವನೇ?"

"ಚಿತ್ರ ಹಾಕಿದಾರಲ್ಲ, ಕೊಕ್ಕರೆದು."

"ನಮ್ಮನೆ ಕ್ಯಾಲೆಂಡರಲ್ಲೂ ಕೊಕ್ಕರೆ ಇದೆ. ಅದರ ಕೆಳಗೆ ನಾವು ಪೊರಕೆ ಇಡ್ತೀವಿ." ಆಂಟಿ ಲೋಟ ಕೆಳಗಿಟ್ಟು ಅಮ್ಮನ ಕಡೆ ತಿರುಗಿದರು. "ನಿನ್ನ ಮಗಳಿಗೆ ಬ್ರೈನ್‌ವಾಶ್ ಮಾಡಿದಾನೆ ಕಣೆ ಅವ್ನು."

ಮೊರಿತಾ ಅವರಿಗೂ ವಿಷಯ ಮುಟ್ಟಿತು. ಇಷ್ಟು ದಿನ ಬರುತ್ತಿದ್ದವರು ಯಾಕೆ ಬರುತ್ತಿಲ್ಲ ಎಂದು ಕೇಳಿ, ಇಂಟರ್ನೆಟ್ಟಿನಲ್ಲಿ ಬಂದದ್ದನ್ನು ನನ್ನಿಂದ ಓದಿಸಿದರು. ನಾನು ಖಾರ ತೆಗೆದು ಓದಿದೆ. ಎಷ್ಟು ತೆಗೆದರೂ ಮಿಕ್ಕಿತ್ತು. ಓದಿ ಮುಗಿಸಿದ ಮೇಲೆ ಅವರು ಎದ್ದು ಹೋಗಿ ಕಂಬದ ಹಿಂದೆ, ಆ ಚಿತ್ರದ ಮುಂದೆ ನಿಂತರು. ಬೆನ್ನು ಮಾತ್ರ ಕಾಣುತ್ತಿತ್ತು. ಅಷ್ಟು ಸಣ್ಣ ಬೆನ್ನು ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ.

"ಅವರಿಗೆ ಕೌಂಟರ್ ಬೇಕು," ಅಂದರು ತಿರುಗಿ. "ಕೌಂಟರ್ ಕೊಡುತ್ತೇನೆ. ಶನಿವಾರ ನಾನೇ ಕೂರಿಸುತ್ತೇನೆ."

ಅಮ್ಮನನ್ನು ಉಳಿಸಲು ನಾನು ಹೂಡದ ಉಪಾಯ ಇಲ್ಲ. ಜ್ವರ ಬಂದಿದೆ ಎನ್ನು ಅಂದೆ. ಕನ್ನಡಕ ಹಾಕಿಕೋ, ಹುಬ್ಬು ದಪ್ಪ ಮಾಡಿಕೋ, ಹಣೆ ಮುಚ್ಚುವ ಹಾಗೆ ಕೂದಲು ಕತ್ತರಿಸಿಕೋ ಅಂದೆ. ಫ್ಯೂಸು ಕಿತ್ತು ಇಡೀ ಹೋಟೆಲನ್ನು ಕತ್ತಲೆ ಮಾಡುತ್ತೇನೆ ಅಂದೆ. ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತು, ಹಬ್ಬಕ್ಕೆ ತಂದಿದ್ದ ಬೇಳೆಯ ಮೂಟೆಗೆ ಒರಗಿಕೊಂಡು ಎಲ್ಲವನ್ನೂ ಕೇಳಿದಳು.

"ನಾನು ರಜ ಹಾಕಿದ್ರೆ, ಮೊರಿತಾ ಅವರಿಗೆ ಕೈ ಏಳಲ್ಲ ಪುಟ್ಟಿ. ಶನಿವಾರ ಕೌಂಟರ್ ಮುಚ್ಚಿದ್ರೆ, ಪದ್ಮಕ್ಕ ವಿಡಿಯೋ ಮಾಡ್ತಾರೆ. ಹೋಟೆಲ್ ಮುಳುಗತ್ತೆ. ರಜ ಹಾಕದೆ ಇದ್ರೆ ನಾವು ಮುಳುಗ್ತೀವಿ."

"ಮತ್ತೆ?"

"ಮತ್ತೇನು. ಅವರು ಏನು ತಪ್ಪು ಮಾಡಿದಾರೆ, ಆ ಮುದುಕರು?"

ನಾನು ಬಾಲ್ಕನಿಗೆ ಹೋಗಿ, ಶನಿವಾರಕ್ಕೆ ಅವಳ ಟೋಪಿ, ಮಾಸ್ಕು ತೆಗೆದಿಟ್ಟೆ.

ಆ ಶನಿವಾರ ಎಲ್ಲೋ ಉತ್ತರದಲ್ಲಿ ಕಾಡು ಹೊತ್ತಿ, ಹೊಗೆ ನಮ್ಮ ತನಕ ಬಂದಿತ್ತು. ಸಂಜೆಯ ಸೂರ್ಯ ಹಳೇ ತಾಮ್ರದ ಕಾಸಿನ ಹಾಗೆ ಕಾಣುತ್ತಿದ್ದ. ಪದ್ಮಾ ಆಂಟಿ ರೇಷ್ಮೆ ಸೀರೆ ಉಟ್ಟು, ಫೋನನ್ನು ತ್ರಿಶೂಲದ ಹಾಗೆ ಹಿಡಿದುಕೊಂಡು ಬಂದರು. ಹಿಂದೆ ಶ್ರೀಧರ್ ಅಂಕಲ್, ಹಸಿದ ಮುಖ. ಆಂಟಿ ಬಾಯಿ ತೆರೆಯುವ ಮುಂಚೆಯೇ ಮೊರಿತಾ ಎದುರು ಬಂದು, ಬಗ್ಗಿ, ಇಬ್ಬರನ್ನೂ ಕೌಂಟರಿನ ನಡುವಿನ ಎರಡು ಸ್ಟೂಲುಗಳಿಗೆ ಕರೆದೊಯ್ದರು. ಜಗಳವಾಡಲು ಬಂದವರಿಗೆ ಜಗಳ ಸಿಗದೆ ಆಂಟಿ ಫೋನನ್ನು ಎಲ್ಲಿಡುವುದು ಎಂದು ತಡಕಾಡಿದರು.

ಅಮ್ಮ ತಲೆ ತಗ್ಗಿಸಿ ಸೌತೆಕಾಯಿ ಕೊಯ್ಯುತ್ತಿದ್ದಳು. ಟೋಪಿ, ಮಾಸ್ಕು, ನಡುವೆ ಒಂದು ಪಟ್ಟಿ ಮುಖ. ಆಂಟಿ ಇನ್ನೂ ಫೋನಿಗೆ ಜಾಗ ಹುಡುಕುತ್ತಿದ್ದರು. ಬಚಾವಾದೆವು ಎಂದುಕೊಂಡು ನಾನು ಇಪ್ಪತ್ತು ದೇವರಿಗೆ ತೆಂಗಿನಕಾಯಿಯ ಹರಕೆ ಹೊತ್ತೆ.

ಆಗ ಮೊರಿತಾ ಮಾತಾಡಿದರು. ತಾವು ಇಂಡಿಯಾದವರನ್ನು ಕೀಳಾಗಿ ಕಾಣುವವರಲ್ಲ ಎಂದು ತೋರಿಸಲು ಅವರ ಬಳಿ ಒಂದೇ ಸಾಕ್ಷಿ ಇತ್ತು. ಅದನ್ನು ಹೇಳಲು ಬೇಕಾದಷ್ಟು ಇಂಗ್ಲಿಷನ್ನು ಅವರು ವಾರವಿಡೀ ಬಾಯಿಪಾಠ ಮಾಡಿದ್ದರೆಂದು ಕಾಣುತ್ತದೆ.

"ನನ್ನ ಕೌಂಟರನ್ನು ನಾನು ಯಾರಿಗೂ ಕೊಟ್ಟಿಲ್ಲ. ಇವರಿಗೆ ಕೊಟ್ಟಿದ್ದೇನೆ. ಇವರು ನಿಮ್ಮ ದೇಶದವರು. ಸುಮಾ-ಸಾನ್." ನೋಯದ ಕೈಯನ್ನು ಚಾಚಿ, ಹೆಮ್ಮೆಯಿಂದ, ಮದುವೆಯ ಹೆಣ್ಣನ್ನು ತೋರಿಸುವ ಹಾಗೆ ತೋರಿಸಿದರು.

ಅಮ್ಮ ಮಾಸ್ಕು ಕೆಳಗಿಳಿಸಿದಳು. "ಗುಡ್ ಈವ್ನಿಂಗ್" ಅಂದಳು.

ಶ್ರೀಧರ್ ಅಂಕಲ್ ಮುಂದಕ್ಕೆ ಬಗ್ಗಿ, "ಅರೆ, ಇದು ನಮ್ಮ ಸುಮಾ ಅಲ್ವೇನೇ" ಎಂದು ಶುರು ಮಾಡಿದರು. ಕೌಂಟರಿನ ಕೆಳಗೆ ಆಂಟಿಯ ಮೊಣಕಾಲು ಏನು ಮಾಡಿತೋ, ಅವರ ಮಾತು ಅಲ್ಲಿಗೇ ತುಂಡಾಯಿತು. ಆಂಟಿ ಅಮ್ಮನ ಮುಖವನ್ನು ನೋಡಿದರು, ಅವಳ ಪಕ್ಕದಲ್ಲಿದ್ದ ಬೀಟ್ರೂಟನ್ನು ನೋಡಿದರು, ಮತ್ತೆ ಮುಖ ನೋಡಿದರು. ಆಮೇಲೆ ಮೆನು ಕಾರ್ಡು ಎತ್ತಿಕೊಂಡರು.

"ಎಕ್ಸ್‌ಕ್ಯೂಸ್ ಮಿ. ಇಲ್ಲಿ ವೆಜಿಟೇರಿಯನ್ ಏನಿದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅಮ್ಮ ಇಂಗ್ಲಿಷಿನಲ್ಲೇ ಹೇಳಿದಳು. ಸೌತೆಕಾಯಿ ಇದೆ, ಬೆಣ್ಣೆಹಣ್ಣು ಇದೆ, ಸಿಹಿಗೆಣಸು ಕರಿದದ್ದು ಇದೆ, ಮೀನು ಕರಿದ ಎಣ್ಣೆ ಮುಟ್ಟದ ಬೇರೆ ಬಾಣಲೆ, ಬೇರೆ ಚಾಕು. ಆಂಟಿ ಥ್ಯಾಂಕ್ಯೂ ಅಂದರು. ಅಮ್ಮ ಯು ಆರ್ ವೆಲ್‌ಕಮ್ ಅಂದಳು. ಒಂದೇ ಪಾತ್ರೆಯಲ್ಲಿ ಪಾಯಸ ಕಲಕಿದ ಇಬ್ಬರು ಹಾಸನದ ಹೆಂಗಸರು, ವಿಮಾನದ ಗಗನಸಖಿಯೂ ಪ್ರಯಾಣಿಕಳೂ ಆಗಿ, ಇಡೀ ಊಟ ಮುಗಿಯುವವರೆಗೆ ಹಾಗೇ ಮಾತಾಡಿದರು. ಅಮ್ಮನ ಇಂಗ್ಲಿಷು ಅಷ್ಟು ಚೆನ್ನಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಮೊರಿತಾ ಇಬ್ಬರನ್ನೂ ನೋಡಿ ಸಂತೋಷದಿಂದ ತಲೆಯಾಡಿಸುತ್ತಿದ್ದರು. ಅವರ ಕೌಂಟರಿನಲ್ಲಿ ಕೊನೆಗೂ ಅಡುಗೆಯವರೂ ಅತಿಥಿಯೂ ಮಾತಾಡುತ್ತಿದ್ದರು. ಅಂಕಲ್ ಪಾಪ, ಗೆಣಸು ಚೆನ್ನಾಗಿದೆ ಎಂದು ಹೇಳಲೂ ಹೆದರಿ ಸುಮ್ಮನೆ ಅಗಿಯುತ್ತಿದ್ದರು.

ಅವರು ಏಳುವ ಹೊತ್ತಿಗೆ ಅಮ್ಮ ಕೈ ಒರೆಸಿಕೊಂಡು ಕನ್ನಡದಲ್ಲಿ ಕೇಳಿದಳು.

"ಪದ್ಮಕ್ಕ, ಶುಕ್ರವಾರದ ಒಬ್ಬಟ್ಟು?"

ಆಂಟಿ ಪರ್ಸಿನ ಜಿಪ್ಪು ಹಾಕಿದರು, ತೆಗೆದರು, ಹಾಕಿದರು.

"ಈ ಸಲ ಮನೇಲೇ ಮಾಡ್ಕೋಬೇಕು ಅಂದ್ಕೊಂಡಿದೀವಿ ಸುಮಾ. ಎಲ್ರೂ."

"ಸರಿ," ಅಂದಳು ಅಮ್ಮ. "ಬೇಳೆ ತುಂಬಾ ಬೇಯಿಸಬೇಡಿ. ಬೆರಳಲ್ಲಿ ಹಿಚುಕಿದ್ರೆ ಮೆತ್ತಗಾಗಬೇಕು, ಕರಗಬಾರದು. ಕರಗಿದ್ರೆ ಹೂರಣ ನೀರಾಗತ್ತೆ, ಲಟ್ಟಿಸೋವಾಗ ಕಣಕ ಹರಿಯತ್ತೆ."

ಬಾಗಿಲ ಕಡೆ ಹೊರಟಿದ್ದ ಆಂಟಿ ನಿಂತರು. ತಡೆಯಲಾರದೆ ಕೇಳಿದರು.

"ಬೆಲ್ಲ ಸಮಸಮ ತಾನೇ?"

"ಸ್ವಲ್ಪ ಕಮ್ಮಿ. ಇಲ್ಲಿಯ ಬೆಲ್ಲ ನೀರು ಜಾಸ್ತಿ ಬಿಡತ್ತೆ. ಕಣಕ ಎಣ್ಣೇಲಿ ನೆನೆಯಕ್ಕೆ ಬಿಡಿ, ಅವಸರ ಮಾಡಬೇಡಿ." ಮಿಕ್ಕದ್ದನ್ನೂ ಹೇಳಿದಳು. ಎಷ್ಟೋ ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು, ಅಲ್ಲಿ ಮೀನಿನ ಹಲಗೆಯ ಹಿಂದೆ ನಿಂತು, ಒಂದೂ ಬಿಡದೆ ಹೇಳಿದಳು. ಆಂಟಿ ವಿಡಿಯೋ ಮಾಡಲೆಂದು ತಂದಿದ್ದ ಫೋನಿನಲ್ಲಿ ಎಲ್ಲವನ್ನೂ ಬರೆದುಕೊಂಡರು.

ಮರುದಿನ ಬೆಳಿಗ್ಗೆ ಆರ್ಡರುಗಳು ಒಂದೊಂದಾಗಿ ವಾಪಸ್ಸು ಹೋದವು. ಯಾರೂ ಕಾರಣ ಹೇಳಲಿಲ್ಲ, ಯಾರೂ ಕೆಟ್ಟ ಮಾತು ಬರೆಯಲಿಲ್ಲ. ಹೋಟೆಲಿನ ಮೇಲೂ ಮತ್ತೆ ಯಾರೂ ಏನೂ ಹಾಕಲಿಲ್ಲ, ಅದೊಂದು ಉಪಕಾರವನ್ನು ಆಂಟಿ ಮಾಡಿದ್ದರು. ಆದರೂ ಮೊರಿತಾ ಚಳಿಗಾಲದ ಹೊತ್ತಿಗೆ ಹೋಟೆಲನ್ನೇ ಮುಚ್ಚಿದರು, ಹಿಡಿದುಕೊಂಡ ಭುಜ ಬಿಡಲೇ ಇಲ್ಲ. ಅಷ್ಟರಲ್ಲಿ ನಾವು ಓಕ್ಲ್ಯಾಂಡಿನಲ್ಲಿದ್ದೆವು, ಒಂದು ಆಸ್ಪತ್ರೆಯ ಹಿಂದೆ, ಒಂದೇ ಕೋಣೆಯಲ್ಲಿ. ಅಮ್ಮನಿಗೆ ಆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೆಲಸ.

ಆರ್ಡರುಗಳು ವಾಪಸ್ಸಾದ ಆ ಬೆಳಿಗ್ಗೆಯೇ ಗ್ರೂಪಿನಲ್ಲಿ ಇನ್ನೂ ಒಂದು ಬಂದಿತ್ತು. ಪದ್ಮಾ ಆಂಟಿ ಹಾಕಿದ್ದು: ಹಬ್ಬಕ್ಕೆ ಮನೆಯಲ್ಲೇ ಒಬ್ಬಟ್ಟು ಮಾಡುವ ಸುಲಭ ವಿಧಾನ. ಬೇಳೆ, ಬೆಲ್ಲ, ಕಣಕ, ಎಲ್ಲ ಅಮ್ಮ ಹೇಳಿದ ಹಾಗೇ. ಅಮ್ಮನ ಹೆಸರು ಇರಲಿಲ್ಲ. ಕೆಳಗೆ ಅಷ್ಟೂ ಜನ ಕೈ ಮುಗಿದಿದ್ದರು, ಹೂವು ಹಾಕಿದ್ದರು. ಅಮ್ಮ ಬೇಳೆಯ ಮೂಟೆಯ ಮೇಲೆ ಕೂತು ಅದನ್ನು ಮೇಲಿಂದ ಕೆಳಗಿನವರೆಗೆ ಓದಿದಳು. ಮತ್ತೆ ಮೇಲಿಂದ ಓದಿದಳು.

"ಏಲಕ್ಕಿ ಬಿಟ್ಟಿದಾರೆ," ಅಂದಳು.

ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಆ ಕೈ ಮುಗಿದವರೆಲ್ಲರ ಕೆಳಗೆ ಬರೆದಳು: ಕೊನೆಯಲ್ಲಿ ಏಲಕ್ಕಿ ಪುಡಿ ಹಾಕಿ.

ಅದಕ್ಕೆ ಯಾರೂ ಕೈ ಮುಗಿಯಲಿಲ್ಲ.